ನಲ್ಲಿ ಬಂತು, ಅದರೊಳಗೆ ಯಾವ ಬೋರಿನ ನೀರು?

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಲ್ಲಿ ಕುಡಿಯುವ ನೀರು ಎಂದರೆ ಬಹುಕಾಲದಿಂದ ಬೋರಿನ ನೀರೇ. ಮಳೆ ಕೈಕೊಟ್ಟ ವರ್ಷ ಬೋರು ಇನ್ನಷ್ಟು ಆಳಕ್ಕಿಳಿಯುತ್ತದೆ. ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಕಾಯಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಸಹಿಸಬಹುದು. ಈ ‘ಇಲ್ಲದಿದ್ದರೆ’ ಎನ್ನುವುದನ್ನು ಬಿಟ್ಟು ‘1.5ರ ಒಳಗಿದೆ, ತೊಂದರೆಯಿಲ್ಲ’ ಎಂದು ಹೇಳುವುದು ಸರಿಯಲ್ಲ. ಬಿಸಿಲಿನಲ್ಲಿ ಮೆಕ್ಕೆಜೋಳದ ಹೊಲದಲ್ಲಿ ದುಡಿಯುವವರು ದಿನಕ್ಕೆ ನಾಲ್ಕು ಲೀಟರ್ ಕುಡಿದರೆ, 1.5ರ ನೀರಿನಲ್ಲೇ 6 ಮಿಲಿಗ್ರಾಂ ಒಳಗೆ ಹೋಯಿತು. ನೆರಳಿನಲ್ಲಿ ಕೂತು ಎರಡು ಲೀಟರ್ ಕುಡಿಯುವವರಿಗೆ ಅದರ ಅರ್ಧ. ಜನ ಎಷ್ಟು ನೀರು ಕುಡಿಯುತ್ತಾರೆ ಎನ್ನುವುದನ್ನೂ ನೋಡಿ ಮಿತಿ ನಿಗದಿ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಕಾಣುವ ಕಂದು ಗೆರೆ ಉಜ್ಜಿದರೆ ಹೋಗದು, ಏಕೆಂದರೆ ಅದು ಮೂಡುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ, ಎಂಟು ವರ್ಷದೊಳಗೆ. ಮೂಳೆ, ಕೀಲು ಹಿಡಿದುಕೊಳ್ಳುವುದು ಆಮೇಲೆ.

ಹಾಗಾದರೆ ನಿಮ್ಮೂರಿನ ನಲ್ಲಿಗೆ ಯಾವ ಬೋರಿನ ನೀರು ಬಿಡಬೇಕೆಂದು ತೀರ್ಮಾನಿಸುವವರು ಯಾರು? ಎಂಜಿನಿಯರ್ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಪಂಚಾಯತ್ ಕಾಯಿದೆ, ನೀರಿನ ಯೋಜನೆಯ ಮಾರ್ಗಸೂಚಿ ಎರಡೂ ಆ ಅಧಿಕಾರದ ದೊಡ್ಡ ಪಾಲನ್ನು ಊರಿಗೇ ಕೊಟ್ಟಿವೆ.

2019ರಲ್ಲಿ ಶುರುವಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾಯಿತು. ತಲೆಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಕೊಡುವುದು ಅದರ ಗುರಿ. ಮಾರ್ಗಸೂಚಿಯಂತೆ ಪ್ರತಿ ಊರಿಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಅದರಲ್ಲಿ 10ರಿಂದ 15 ಮಂದಿ. ಅರ್ಧದಷ್ಟು ಹೆಂಗಸರು, ಕಾಲು ಭಾಗ ದುರ್ಬಲ ವರ್ಗದವರು, ಚುನಾಯಿತ ಸದಸ್ಯರು ಕಾಲು ಭಾಗಕ್ಕಿಂತ ಹೆಚ್ಚಿರಬಾರದು. ನೀರಿನ ಮೂಲ ಯಾವುದು, ಟ್ಯಾಂಕ್ ಎಲ್ಲಿ, ಬಚ್ಚಲು ನೀರು ಎಲ್ಲಿಗೆ, ನಿರ್ವಹಣೆಯ ಖರ್ಚು ಹೇಗೆ ಎಂಬುದನ್ನೆಲ್ಲ ಸಮಿತಿ ಗ್ರಾಮ ಕ್ರಿಯಾ ಯೋಜನೆಯಲ್ಲಿ ಬರೆಯಬೇಕು. ಗ್ರಾಮ ಸಭೆ ಅದನ್ನು ಒಪ್ಪಬೇಕು. ಊರೊಳಗಿನ ಕಾಮಗಾರಿ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 10, ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರಲ್ಲಿ ಶೇ 5 ಜನರ ವಂತಿಗೆ. ದುಡ್ಡು ಕೇಳಿದ ಮೇಲೆ ಲೆಕ್ಕ ಕೇಳುವ ಹಕ್ಕೂ ಜನರದ್ದೇ.

ಎಷ್ಟೋ ಊರಲ್ಲಿ ಈ ಸಮಿತಿ ಇರುವುದೇ ಜನಕ್ಕೆ ಗೊತ್ತಿರುವುದಿಲ್ಲ. ಪಂಚಾಯಿತಿಗೆ ಹೋಗಿ ಸದಸ್ಯರ ಪಟ್ಟಿ ಮತ್ತು ಕ್ರಿಯಾ ಯೋಜನೆಯ ಪ್ರತಿ ಕೇಳಿ. ಮೊದಲ ಕೆಲಸ ಅದೇ.

ಎರಡನೆಯದು ನೀರಿನ ಪರೀಕ್ಷೆ. ಪ್ರತಿ ಊರಲ್ಲಿ ಐವರು ಹೆಂಗಸರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು ಇದಕ್ಕೆ ತಯಾರಾದವರು. ಸಣ್ಣ ಶೀಶೆಗೆ ಗುರುತಿನವರೆಗೆ ನೀರು ತುಂಬಿ, ದ್ರಾವಣದ ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಿದರೆ ಫ್ಲೋರೈಡ್ ಅಂದಾಜು ಸಿಗುತ್ತದೆ. ರೋಗಾಣು ನೋಡುವ ಶೀಶೆ ಬೇರೆ: ಅದಕ್ಕೆ ನೀರು ಹಾಕಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಬಾರದು. ಕಿಟ್ ಹೇಳುವುದು ಅಂದಾಜು ಮಾತ್ರ. ಅದು ಅನುಮಾನ ತೋರಿಸಿದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಬೇಕು. ಬೋರನ್ನು ಕೆಲವು ನಿಮಿಷ ಓಡಿಸಿ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿ, ಜಾಗ ಮತ್ತು ದಿನಾಂಕ ಬರೆದು ಅಂಟಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶುದ್ಧೀಕರಿಸಿದ ಬಾಟಲಿಯೇ ಆಗಬೇಕು. ಬೋರಿನಲ್ಲಿ ಒಂದು, ಬೀದಿಯ ಕೊನೆಯ ನಲ್ಲಿಯಲ್ಲಿ ಇನ್ನೊಂದು ಮಾದರಿ ತೆಗೆಯಿರಿ. ಬೋರಿನ ನೀರು ಚೆನ್ನಾಗಿದ್ದು ನಲ್ಲಿಯದು ಕೆಟ್ಟಿದ್ದರೆ ಪೈಪಿಗೆ ಚರಂಡಿ ನೀರು ಸೇರುತ್ತಿದೆ ಎಂದೇ ಅನುಮಾನಿಸಬೇಕು. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಯಾರೂ ಮರೆಯಬಾರದು.

ಮೂರನೆಯದು ಸಭೆ. ಎಲ್ಲಕ್ಕಿಂತ ಮುಖ್ಯವಾದುದು ಇದೇ ಎಂಬುದು ನನ್ನ ಅಭಿಪ್ರಾಯ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯಿದೆ, 1993ರ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡನ್ನೂ ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು. ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ. ಅದರಲ್ಲಿ ಶೇ 30 ಹೆಂಗಸರಿರಬೇಕು. ನೀರಿನ ಮಾತನ್ನು ವಾರ್ಡ್ ಸಭೆಯಲ್ಲೇ ಎತ್ತಿ, ಏಕೆಂದರೆ ಗ್ರಾಮ ಸಭೆಗೆ ವಿಷಯ ಹೋಗುವುದು ಅಲ್ಲಿಂದಲೇ. ‘ನೀರು ಸರಿಯಿಲ್ಲ’ ಎಂದು ಕೂಗಿ ಬಂದರೆ ಆ ಮಾತು ಅಲ್ಲೇ ಉಳಿಯಿತು. ‘ಇಂಥ ಬೋರಿನಲ್ಲಿ ಫ್ಲೋರೈಡ್ ಇಷ್ಟಿದೆ, ವರದಿ ಇಲ್ಲಿದೆ, ಇದನ್ನು ಕುಡಿಯುವ ನೀರಿನ ಪೈಪಿನಿಂದ ಬಿಡಿಸಿ, ಅಂಗನವಾಡಿ ಮತ್ತು ಶಾಲೆಗೆ ಮೊದಲು ಬೇರೆ ನೀರು ಕೊಡಿ’ ಎಂದು ಲಿಖಿತವಾಗಿ ಕೊಟ್ಟು, ಅದು ನಡಾವಳಿಯಲ್ಲಿ ದಾಖಲಾದದ್ದನ್ನು ಓದಿಸಿ ಕೇಳಿಯೇ ಸಹಿ ಹಾಕಿ. ಶುದ್ಧ ನೀರಿನ ಘಟಕವಿದ್ದರೆ ಇನ್ನೊಂದು ಪ್ರಶ್ನೆ: ಶುದ್ಧೀಕರಿಸಿ ಉಳಿದ, ಉಪ್ಪು ಮತ್ತು ಫ್ಲೋರೈಡ್ ತುಂಬಿದ ನೀರನ್ನು ಎಲ್ಲಿಗೆ ಬಿಡುತ್ತಿದ್ದಾರೆ?

ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 30 ದಿನದಲ್ಲಿ ಮಾಹಿತಿ ಕೊಡಬೇಕು. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲೇ ಇದೆ; ಬಹಳ ಜನ ಇದನ್ನು ಬಳಸುವುದಿಲ್ಲ.

ಈಗ ಇನ್ನೊಂದು ಬದಲಾವಣೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಈ ಭಾಗದ ರೈತರ ಹಳೆಯ ಆಸೆ. ಕೆರೆ ತುಂಬಿದರೆ ಅಂತರ್ಜಲ ಏರುತ್ತದೆ, ಅದು ನಿಜ. ಆದರೆ ಬೋರಿನ ಫ್ಲೋರೈಡ್ ತಾನಾಗಿ ಇಳಿದೀತೆಂದು ನಂಬಿ ಪರೀಕ್ಷೆ ನಿಲ್ಲಿಸಬಾರದು. ನದಿಯ ಆರೋಗ್ಯವೂ ಇನ್ನು ಜಗಳೂರಿನವರ ವಿಷಯವೇ. 1980ರ ದಶಕದಲ್ಲಿ ಹರಿಹರದ ಎದುರು ದಡದ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಟ್ಟಾಗ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನದಿ ದಂಡೆಯ ಜನರನ್ನು ಕಟ್ಟಿಕೊಂಡು ಹೋರಾಡಿತು. ಆಗ ಜನರ ಮಾತು ಕೇಳಲು ಕಡ್ಡಾಯ ವೇದಿಕೆಯೇ ಇರಲಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಇಂದು ದೊಡ್ಡ ಕಾರ್ಖಾನೆ, ಗಣಿಗಳಿಗೆ 30 ದಿನ ಮೊದಲೇ ನೋಟಿಸ್ ಕೊಟ್ಟು ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಎದುರು ಸಾರ್ವಜನಿಕ ಅಹವಾಲು ನಡೆಸಬೇಕು. ಕನ್ನಡದಲ್ಲೇ ಮಾತಾಡಬಹುದು, ಬರೆದೂ ಕೊಡಬಹುದು. ಯುರೋಪಿನ ದೇಶಗಳು 1999ರಲ್ಲಿ ಲಂಡನ್ನಿನಲ್ಲಿ ನೀರು ಮತ್ತು ಆರೋಗ್ಯದ ಪ್ರೋಟೊಕಾಲ್ ಮಾಡಿಕೊಂಡಾಗ ಒಪ್ಪಿದ ಮಾತೂ ಇದೇ: ನೀರಿನ ಗುರಿ ನಿಗದಿ ಮಾಡುವಾಗ ಜನರನ್ನು ಕೇಳಬೇಕು. ಭಾರತ ಅದರಲ್ಲಿಲ್ಲ, ಆದರೆ ನಮ್ಮ ಗ್ರಾಮ ಸಭೆಗೆ ಅದಕ್ಕೂ ಮೊದಲೇ ಕಾಯಿದೆಯ ಬಲವಿತ್ತು.

ಮುಂದಿನ ವಾರ್ಡ್ ಸಭೆ ಯಾವಾಗ ಎಂದು ಈ ವಾರವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಹೋಗುವಾಗ ನಿಮ್ಮ ಬೀದಿಯ ಕೊನೆಯ ನಲ್ಲಿಯ ಪರೀಕ್ಷಾ ವರದಿ ಕೈಯಲ್ಲಿರಲಿ, ಮನೆಯ ಹೆಂಗಸರೂ ಜೊತೆಗಿರಲಿ.