ದಾರಿಯಲ್ಲಿ ಸಿಗದ್ದನ್ನು ಮಾತ್ರ ಹೊರಿ

1923ರ ಅಕ್ಟೋಬರ್ 15ರಂದು ಮುಂಬೈಯ ಆರು ಪಾರ್ಸಿ ತರುಣರು ಸೈಕಲ್ ಏರಿ ಜಗತ್ತು ಸುತ್ತಲು ಹೊರಟರು. ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಹುಡುಗರು ಅವರು. ಇರಾನ್, ಇರಾಕ್, ಯುರೋಪು, ಅಮೆರಿಕ, ಜಪಾನ್, ಬರ್ಮಾ ಹಾದು 1928ರ ಮಾರ್ಚಿನಲ್ಲಿ ಊರು ಮುಟ್ಟುವ ಹೊತ್ತಿಗೆ ತಂಡದಲ್ಲಿದ್ದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ. ತುಳಿದ ದಾರಿ 70,000 ಕಿ.ಮೀ.ಗೂ ಹೆಚ್ಚು. ಆ ನಾಲ್ಕೂವರೆ ವರ್ಷ ಅವರ ಬಳಿ ಇದ್ದದ್ದು ಸೈಕಲ್ಲಿಗೆ ಕಟ್ಟಿಕೊಂಡಷ್ಟೇ.

ನೂರು ವರ್ಷ ಕಳೆದರೂ ಮುಂಬೈಗೆ ಆ ಹುಚ್ಚು ಬಿಟ್ಟಿಲ್ಲ. ಭಾನುವಾರದ ನಸುಕಿನಲ್ಲಿ ಬೋರಿವಲಿ, ಮುಲುಂಡ್, ವಾಶಿ ಕಡೆಗಳಿಂದ ಸೈಕಲ್ ಗುಂಪುಗಳು ಹೊರಡುತ್ತವೆ. ಆರೆ ಕಾಲನಿ, ಪಾಮ್ ಬೀಚ್ ರಸ್ತೆ ಸುತ್ತಿ ಕಾಲು ಪಳಗಿದವರಿಗೆ ಒಂದು ದಿನ ಊರಾಚೆ ಹೋಗಿ ರಾತ್ರಿ ತಂಗುವ ಆಸೆ ಹುಟ್ಟುತ್ತದೆ. ಆಗ ಏಳುವ ಮೊದಲ ಪ್ರಶ್ನೆ: ಚೀಲಕ್ಕೆ ಏನು ಹಾಕಲಿ?

ನನ್ನ ಉತ್ತರ ಒಂದೇ ಸೂತ್ರದಲ್ಲಿದೆ. ದಾರಿಯ ಅಂಗಡಿಯಲ್ಲಿ ಸಿಗುವುದನ್ನು ಹೊರಬೇಡಿ. ಯಾವ ಅಂಗಡಿಯಲ್ಲೂ ಸಿಗದ್ದನ್ನು ಮರೆಯಬೇಡಿ.

ಮೊದಲ ಸವಾರಿಗೆ ಒಳ್ಳೆಯ ದಾರಿಯೆಂದರೆ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ವಾಹನಗಳನ್ನೂ ಹೊತ್ತು ಹೋಗುವ ರೋ-ರೋ ಹಡಗು. 2020ರಲ್ಲಿ ಆರಂಭವಾದ ಈ ಸೇವೆ ಸೈಕಲ್ಲುಗಳನ್ನೂ ಒಯ್ಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ನಗರದ ಟ್ರಾಫಿಕ್ ಬೆನ್ನ ಹಿಂದೆ ಉಳಿಯುತ್ತದೆ. ಅಲ್ಲಿಂದ ಅಲಿಬಾಗ್, ರೇವದಂಡಾ, ಕಾಶಿದ್ ದಾಟಿ ಮುರುಡ್‌ವರೆಗೆ ಸುಮಾರು 70 ಕಿ.ಮೀ. ಈ ದಾರಿಯನ್ನೇ ಎದುರಿಗಿಟ್ಟುಕೊಂಡು ಚೀಲ ತುಂಬೋಣ.

ಟ್ಯೂಬು, ಪಂಪು, ಹಿತ್ತಾಳೆಯ ಚೂರು

ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿಗಳಿವೆ, ನಿಜ. ಆದರೆ ಅಲ್ಲಿರುವುದು ಬೈಕು, ರಿಕ್ಷಾಗಳ ಸಾಮಾನು. ಹೆಚ್ಚೆಂದರೆ ಹಳೆಯ ಕಾಲದ ದೊಡ್ಡ ಸೈಕಲ್ಲಿನ ಟ್ಯೂಬು. ಗೇರ್ ಸೈಕಲ್ಲಿನ ಅಳತೆಯ ಟ್ಯೂಬು ಅಲ್ಲಿ ಸಿಗುವುದು ಕಷ್ಟ. ಹಾಗಾಗಿ ನಿಮ್ಮ ಟಯರಿನ ಬದಿಯಲ್ಲಿ ಅಚ್ಚಾಗಿರುವ ಅಳತೆ ನೋಡಿ ಎರಡು ಟ್ಯೂಬು ಕೊಳ್ಳಿ. ಜತೆಗೆ ಪ್ಯಾಚು, ಸಲ್ಯೂಷನ್, ಟಯರ್ ಎಬ್ಬಿಸುವ ಎರಡು ಪ್ಲಾಸ್ಟಿಕ್ ಲಿವರ್, ಸಣ್ಣ ಕೈಪಂಪು, ಅಲೆನ್ ಕೀಗಳ ಗೊಂಚಲು, ಚೈನಿನ ಒಂದು ಜೋಡುಕೊಂಡಿ.

ಸೈಕಲ್ಲಿನ ವಾಲ್ವ್ ಸಪೂರದ ಪ್ರೆಸ್ಟಾ ಆಗಿದ್ದರೆ ಬೈಕಿಗೆ ಗಾಳಿ ಹಾಕುವ ಪೈಪು ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಆಗ ದಿನವನ್ನೇ ಉಳಿಸುತ್ತದೆ. ಟ್ಯೂಬು ಬದಲಿಸುವ ಮುಂಚೆ ಟಯರಿನ ಒಳಮೈಯನ್ನು ನಿಧಾನವಾಗಿ ಸವರಿ ನೋಡಿ. ಹೆದ್ದಾರಿಯಲ್ಲಿ ಸಿಡಿದ ಲಾರಿ ಟಯರುಗಳಿಂದ ಉದುರಿದ ಉಕ್ಕಿನ ಎಳೆ ಕೂದಲಿನಷ್ಟು ತೆಳು. ಅದು ಅಲ್ಲೇ ಕಚ್ಚಿಕೊಂಡಿದ್ದರೆ ಹೊಸ ಟ್ಯೂಬೂ ಕಿಲೋಮೀಟರಿನೊಳಗೆ ಸೋರುತ್ತದೆ.

ನೀರಿಗಿಂತ ಉಪ್ಪಿನ ಚಿಂತೆ

ತಿನ್ನುವುದಕ್ಕೆ ಈ ದಾರಿಯಲ್ಲಿ ಕೊರತೆಯಿಲ್ಲ. ಬಾಳೆಹಣ್ಣು, ಪೋಹೆ, ವಡಾಪಾವ್, ಕೋಕಂ ಶರಬತ್ತು ಊರೂರಲ್ಲಿ ಸಿಗುತ್ತವೆ. ಎರಡು ಊರುಗಳ ನಡುವಿನ ಹಸಿವಿಗೆ ನಾಲ್ಕು ಖರ್ಜೂರ, ಒಂದಿಷ್ಟು ಶೇಂಗಾ ಚಿಕ್ಕಿ ಸಾಕು. ಕಡಲ ತೀರದ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದೆ ಮೈ ತಣಿಯುವುದಿಲ್ಲ, ಮೈ ತಣಿಯದೆ ಬೆವರು ನಿಲ್ಲುವುದಿಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ಕಳೆದ ಉಪ್ಪು ಮರಳುವುದಿಲ್ಲ. ತಲೆ ಭಾರ, ವಾಕರಿಕೆ ಶುರುವಾಗುತ್ತದೆ. ಸೈಕಲ್ಲಿಗೆ ಎರಡು ಬಾಟಲಿ ಸಿಕ್ಕಿಸಿ, ಔಷಧದ ಅಂಗಡಿಯಿಂದ ನಾಲ್ಕಾರು ಓಆರ್‌ಎಸ್ ಪೊಟ್ಟಣ ತನ್ನಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಕಲಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ಮೊದಲೇ ವೈದ್ಯರನ್ನು ಕೇಳಿ.

ಎರಡು ಜೊತೆ ಬಟ್ಟೆ, ಎರಡು ದೀಪ

ಹತ್ತಿಯ ಅಂಗಿ ಬೆವರು ಕುಡಿದು ಭಾರವಾಗುತ್ತದೆ. ಬೇಗ ಆರುವ ಜರ್ಸಿ ವಾಸಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ತೊಡೆಸಂದು ಕೆತ್ತುತ್ತದೆ. ಆ ಜಾಗಕ್ಕೆ ಹಚ್ಚಲು ಪೆಟ್ರೋಲಿಯಂ ಜೆಲ್ಲಿಯ ಸಣ್ಣ ಡಬ್ಬಿ ಇರಲಿ. ರಾತ್ರಿ ಒಗೆದ ಬಟ್ಟೆ ಕೊಂಕಣದ ಹವೆಯಲ್ಲಿ ಬೆಳಗಿಗೆ ಆರುತ್ತದೆಂಬ ಭರವಸೆಯಿಲ್ಲವಾದ್ದರಿಂದ ಸವಾರಿಯ ಬಟ್ಟೆ ಎರಡು ಜೊತೆ, ಸಂಜೆಗೆ ಒಂದು ಲುಂಗಿ ಅಥವಾ ಪೈಜಾಮ. ಮೂರನೆಯ ಜೊತೆ ಮನೆಯಲ್ಲೇ ಇರಲಿ.

ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಮೇಲಂಗಿ: ಹಗಲಿನ ಸವಾರಿಯಾದರೂ ಇವನ್ನು ಬಿಡಬೇಡಿ. ಒಂದು ಪಂಕ್ಚರು, ಒಂದು ತಪ್ಪು ತಿರುವು ಸಾಕು, ಕಾಶಿದ್ ಏರಿನಲ್ಲೇ ಕತ್ತಲಾಗಬಹುದು. 200 ಕಿ.ಮೀ. ದಾರಿಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿಗಳಲ್ಲೂ ರಾತ್ರಿ ದೀಪ ಮತ್ತು ಹೊಳೆಯುವ ಅಂಗಿ ಕಡ್ಡಾಯ. ಸವಾರ ತನ್ನ ರಿಪೇರಿಯನ್ನು ತಾನೇ ನೋಡಿಕೊಳ್ಳಬೇಕೆಂಬುದು ಆ ಸವಾರಿಗಳ ಮೂಲ ನಿಯಮ.

ಉಳಿದದ್ದು ಒಂದು ಜಿಪ್ ಕವರಿಗೆ ಸಾಲುತ್ತದೆ: ಆಧಾರ್ ಕಾರ್ಡು, ಮನೆಯವರ ಫೋನ್ ನಂಬರೂ ರಕ್ತದ ಗುಂಪೂ ಬರೆದ ಚೀಟಿ, ಚಿಲ್ಲರೆ ನೋಟು, ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಮುಲಾಮು, ಪವರ್ ಬ್ಯಾಂಕು. ತುರ್ತು ನೆರವಿನ ಸಂಖ್ಯೆ 112 ನೆನಪಿನಲ್ಲಿರಲಿ.

ಹೊರೆ ಬೆನ್ನಿಗಲ್ಲ, ಸೈಕಲ್ಲಿಗೆ

ಹೊರೆ ಕಟ್ಟುವ ಪಾಠಕ್ಕೆ ಚರ್ಚ್‌ಗೇಟ್ ಸ್ಟೇಷನ್ ಎದುರು ಡಬ್ಬಾವಾಲಾಗಳನ್ನು ನೋಡಿ. ಹ್ಯಾಂಡಲಿನ ಎರಡೂ ಕಡೆ, ಹಿಂದಿನ ಕ್ಯಾರಿಯರ್ ಮೇಲೆ, ಎಲ್ಲವೂ ಸರಿತೂಕ. ಬೆನ್ನಿಗೆ ಚೀಲ ಹಾಕಿದರೆ ಅದರ ಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ, ಬೆನ್ನು ಬೇಯುತ್ತದೆ. ಭಾರದ ಸಾಮಾನು ಕ್ಯಾರಿಯರಿನ ಅಕ್ಕಪಕ್ಕದ ಚೀಲಗಳ ತಳದಲ್ಲಿ, ಎಡಬಲ ಸಮವಾಗಿ ಇರಲಿ. ಪಂಪು, ಟ್ಯೂಬು ಕೈಗೆ ಮೊದಲು ಸಿಗುವಲ್ಲಿರಲಿ. ಒಟ್ಟು ಐದಾರು ಕಿಲೋ ದಾಟಿದರೆ ಮತ್ತೆ ಬಿಚ್ಚಿ ನೋಡಿ.

ಹೊರಡುವ ಹಿಂದಿನ ಭಾನುವಾರ ಇದೇ ಹೊರೆಯೊಂದಿಗೆ ಆರೆಯಲ್ಲಿ ಎರಡು ಗಂಟೆ ತುಳಿಯಿರಿ. ಬಳಿಕ ಮನೆಯಂಗಳದಲ್ಲಿ ಹಿಂದಿನ ಚಕ್ರ ಬಿಚ್ಚಿ, ಟ್ಯೂಬು ಬದಲಿಸಿ, ಕೈಪಂಪಿನಿಂದಲೇ ಗಾಳಿ ತುಂಬಿ. ಯಾರ ನೆರವೂ ಇಲ್ಲದೆ ಇದು ಮುಗಿದರೆ ಮಾಂಡವಾದ ಟಿಕೇಟು ಧೈರ್ಯವಾಗಿ ತೆಗೆಸಿ. ಮುಗಿಯದಿದ್ದರೆ ಸವಾರಿ ಒಂದು ವಾರ ಮುಂದೆ ಹೋಗಲಿ. ಚೀಲದಲ್ಲಿರುವ ಪ್ರತಿ ಸಾಮಾನನ್ನೂ ಬಳಸಲು ಬಲ್ಲವನೇ ದೂರದ ಸವಾರಿಗೆ ಸಿದ್ಧನಾದವನು.