ಬಂಡವಾಳ ಹೂಡುವವರಿಗೆ ಇ-ಮೇಲ್ ಬರೆಯುವ ಮುನ್ನ

ಕಳೆದ ಸುಗ್ಗಿಯ ಹೊತ್ತಿನಲ್ಲಿ ತುಮಕೂರು ಜಿಲ್ಲೆಯ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಯುವಕನೊಬ್ಬ ತನ್ನ ತಂದೆಯೊಡನೆ ಬಂದಿದ್ದ. ಡಿಪ್ಲೊಮಾ ಓದಿದವನು. ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರವೊಂದನ್ನು ಹೋಬಳಿಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ, ಒಂದು ಸುಗ್ಗಿ ಓಡಿಸಿಯೂ ನೋಡಿದ್ದ. ಇನ್ನಷ್ಟು ಯಂತ್ರ ಮಾಡಿ ಮಾರಲು ಹಣ ಬೇಕಿತ್ತು. ಹೊಸ ಉದ್ಯಮಗಳಿಗೆ, ಅಂದರೆ ಈಗ ಎಲ್ಲರೂ ಸ್ಟಾರ್ಟ್‌ಅಪ್ ಎನ್ನುವಂಥವಕ್ಕೆ, ಹಣ ಹೂಡುವವರು ಬೆಂಗಳೂರಿನಲ್ಲಿದ್ದಾರೆಂದು ಕೇಳಿ, ಮೊಬೈಲಿನಲ್ಲಿ ಸಿಕ್ಕ 62 ವಿಳಾಸಗಳಿಗೆ ಒಂದೇ ಇ-ಮೇಲನ್ನು ಒಟ್ಟಿಗೆ ಕಳುಹಿಸಿದ್ದ.

61 ಮಂದಿ ಉತ್ತರಿಸಲಿಲ್ಲ. ಉತ್ತರಿಸಿದ ಒಬ್ಬರು 40 ಲಕ್ಷ ರೂ. ಮಂಜೂರಾಗಿದೆಯೆಂದೂ, ಕಾಗದಪತ್ರದ ವೆಚ್ಚಕ್ಕೆ ಮೊದಲು 48,000 ರೂ. ಕಟ್ಟಬೇಕೆಂದೂ ಬರೆದಿದ್ದರು. ಹಸು ಮಾರಲು ತಂದೆ ಗಿರಾಕಿಯನ್ನೂ ನೋಡಿಯಾಗಿತ್ತು. "ನಾಳೆ ಕೊನೇ ದಿನವಂತೆ ಸಾರ್, ಏನ್ ಮಾಡಾಣ?" ಎಂದರು.

ಹಸು ಮಾರಬೇಡಿ ಎಂದೆ. ನಮಗೆ ಹಣ ಕೊಡುವವನು ನಮ್ಮಿಂದಲೇ ಮೊದಲು ಹಣ ಕೇಳಿದರೆ ಅದು ಮೋಸವೆಂದೇ ತಿಳಿಯತಕ್ಕದ್ದು. ಯಂತ್ರ ನೋಡದೆ, ಊರಿಗೆ ಬಾರದೆ, ಒಂದು ಪ್ರಶ್ನೆಯನ್ನೂ ಕೇಳದೆ 40 ಲಕ್ಷ ಮಂಜೂರು ಮಾಡುವವರು ಎಲ್ಲಿಯೂ ಇಲ್ಲ. ಹಣ ಈಗಾಗಲೇ ಕಟ್ಟಿದ್ದವರು ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಇದು ಸೈಬರ್ ವಂಚನೆಯ ದೂರಿಗಾಗಿ ಸರ್ಕಾರ ಇಟ್ಟಿರುವ ಸಂಖ್ಯೆ. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬಂಡವಾಳ ಹೂಡುವವನು ಬ್ಯಾಂಕಿನವನಲ್ಲ, ಸಬ್ಸಿಡಿ ಕೊಡುವ ಇಲಾಖೆಯವನೂ ಅಲ್ಲ. ಬ್ಯಾಂಕಿನ ಸಾಲ ತೀರಿಸಿದರೆ ಋಣ ಮುಗಿಯಿತು. ಈತ ನಿಮ್ಮ ಉದ್ಯಮದಲ್ಲಿ ಒಂದು ಪಾಲನ್ನೇ ಕೊಳ್ಳುತ್ತಾನೆ. ಜಮೀನನ್ನು ವಾರಕ್ಕೆ ಕೊಟ್ಟರೆ ಬೆಳೆ ಬಂದಾಗ ಲೆಕ್ಕ ತೀರುತ್ತದೆ, ಮರುವರ್ಷ ಬೇರೆಯವರಿಗೆ ಕೊಡಬಹುದು. ಈ ಪಾಲು ಹಾಗಲ್ಲ, ಒಂದು ಸುಗ್ಗಿಗೆ ಮುಗಿಯುವುದಿಲ್ಲ. 20 ಲಕ್ಷ ಕೊಟ್ಟು ನೂರಕ್ಕೆ 20 ಪಾಲು ಕೇಳಿದರೆ, ಆ ಹಣವೂ ಸೇರಿ ಇಡೀ ಉದ್ಯಮಕ್ಕೆ 1 ಕೋಟಿ ಬೆಲೆ ಕಟ್ಟಿದಂತಾಯಿತು. ನಷ್ಟವಾದರೆ ಅವನ ಹಣವೂ ಹೋಗುತ್ತದೆ. ಆದ್ದರಿಂದಲೇ ಹಲವು ಪಟ್ಟು ಬೆಳೆಯುವಂಥ ಕೆಲಸವನ್ನೇ ಅವನು ಹುಡುಕುವುದು. ನಿಮ್ಮ ಊರಿಗೆ ಒಂದು ಹಿಟ್ಟಿನ ಗಿರಣಿಯೋ ಎಣ್ಣೆ ಗಾಣವೋ ಸಾಕೆನ್ನುವವರು ಇವರ ಬಾಗಿಲಿಗೆ ಹೋಗುವುದು ಬೇಡ. ಅವರಿಗೆ ಬ್ಯಾಂಕಿನ ಸಾಲವೇ ಲೇಸು.

ಮತ್ತೊಂದು ಸಂಗತಿಯನ್ನು ನಮ್ಮ ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು ಗಮನಿಸಬೇಕು. ಈ ಯುವಕ ತನ್ನ ತಂದೆ ಸದಸ್ಯರಾಗಿರುವ ಉತ್ಪಾದಕ ಕಂಪನಿಯ ಹೆಸರಿನಲ್ಲೇ ಹಣ ತರುವ ಯೋಚನೆಯಲ್ಲಿದ್ದ. ಅದಾಗದು. 2002ರ ತಿದ್ದುಪಡಿಯಿಂದ ಬಂದ ಈ ಬಗೆಯ ಕಂಪನಿಯಲ್ಲಿ ಉತ್ಪಾದಕರು ಮತ್ತು ಅವರ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. ಪೇಟೆಯ ಬಂಡವಾಳಗಾರನಿಗೆ ಷೇರು ಮಾರುವಂತಿಲ್ಲ. ರೈತರ ಕಂಪನಿ ರೈತರ ಕೈಯಲ್ಲೇ ಉಳಿಯಲೆಂದು ಹೀಗೆ ಮಾಡಲಾಗಿದೆ. ಇದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಹೊರಗಿನ ಪಾಲುದಾರರು ಬೇಕೆಂದರೆ ಬೇರೆಯದೇ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಳ್ಳಬೇಕು.

ಹಾಗೆ ಮಾಡಿಕೊಂಡರೂ ಷೇರು ಕೊಳ್ಳಿರೆಂದು ಊರಿಗೆಲ್ಲ ಡಂಗುರ ಸಾರಲು ಬಾರದು. 2013ರ ಕಂಪನಿ ಕಾಯಿದೆಯ 42ನೇ ಕಲಮಿನಂತೆ, ಗೊತ್ತುಮಾಡಿಕೊಂಡ ವ್ಯಕ್ತಿಗಳಿಗೆ ಅವರವರ ಹೆಸರಿನಲ್ಲೇ ಷೇರಿನ ಪ್ರಸ್ತಾಪ ಹೋಗಬೇಕು, ಜಾಹೀರಾತು ಕೂಡದು. ಆದುದರಿಂದ ಮೊದಲ ಇ-ಮೇಲಿನಲ್ಲಿ ಷೇರಿನ ದರ, ಪಾಲಿನ ಲೆಕ್ಕ ಯಾವುದನ್ನೂ ಬರೆಯದೆ, ಕೆಲಸದ ಪರಿಚಯ ಮಾಡಿಕೊಟ್ಟು ಮಾತುಕತೆಗೆ ಅವಕಾಶ ಕೇಳುವುದು ಕ್ಷೇಮ. ಮುಂದಿನದನ್ನು ಲೆಕ್ಕಪರಿಶೋಧಕರನ್ನು ಕೇಳಿ ಮಾಡಬೇಕು.

ಇನ್ನು ಯುವಕ ಕಳುಹಿಸಿದ್ದ ಇ-ಮೇಲಿನ ವಿಚಾರ. ವಿಷಯದ ಸಾಲಿನಲ್ಲಿ 'ಅರ್ಜೆಂಟ್' ಎಂದಿತ್ತು. ಎರಡು ಪುಟದ ತುಂಬ ದೇಶದ ಕೃಷಿಯ ಮಹತ್ವ, ಹುಣಸೆಯ ಔಷಧಿ ಗುಣ, ಕೋಟ್ಯಂತರ ರೂಪಾಯಿಯ ಮಾರುಕಟ್ಟೆ. ಯಂತ್ರದ ಸುದ್ದಿ ಕಟ್ಟಕಡೆಯಲ್ಲಿ. 62 ವಿಳಾಸಗಳೂ ಎಲ್ಲರಿಗೂ ಕಾಣುವಂತಿದ್ದವು. ಮದುವೆಯ ಕರೆಯೋಲೆಯನ್ನು ಹೆಸರು ಬರೆಯದೆ ಬಸ್ ನಿಲ್ದಾಣದಲ್ಲಿ ಹಂಚಿದರೆ ಯಾರು ಬರುತ್ತಾರೆ?

ಎರಡು ಸಂಜೆ ಕುಳಿತು ಹೊಸದಾಗಿ ಬರೆದೆವು. ಕನ್ನಡದಲ್ಲಿ ಬರೆದುಕೊಂಡು, ಹೈಸ್ಕೂಲಿನ ಮೇಷ್ಟರಿಂದ ಇಂಗ್ಲಿಷ್ ಮಾಡಿಸಲಾಯಿತು. ಅದರ ಸಾರ ಹೀಗಿತ್ತು:

"ಮಾನ್ಯರೇ, ಕೃಷಿ ಯಂತ್ರ ತಯಾರಿಸುವ ಉದ್ಯಮದಲ್ಲಿ ತಾವು ಹಣ ತೊಡಗಿಸಿರುವುದನ್ನು ಓದಿ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಹುಣಸೆಹಣ್ಣನ್ನು ಹೆಂಗಸರು ಕೈಯಲ್ಲೇ ಕುಟ್ಟಿ ಬೀಜ ಬಿಡಿಸುತ್ತಾರೆ. ಇದಕ್ಕೊಂದು ಯಂತ್ರ ಮಾಡಿದ್ದೇನೆ. ಕಳೆದ ಸುಗ್ಗಿಯಲ್ಲಿ 3 ಮನೆಗಳಲ್ಲಿ 11 ದಿನ ಓಡಿಸಿ 46 ಕ್ವಿಂಟಲ್ ಹಣ್ಣು ಬಿಡಿಸಿದೆವು. ಹಣ್ಣು ತೇವವಾಗಿದ್ದರೆ ಯಂತ್ರ ಕಟ್ಟಿಕೊಳ್ಳುತ್ತದೆ, ಅದನ್ನು ಸರಿಪಡಿಸುವುದು ಬಾಕಿ ಇದೆ. ಒಂದು ಯಂತ್ರಕ್ಕೆ 92,000 ರೂ. ತಗುಲಿದೆ. ಇಬ್ಬರು ಮುಂಗಡ ಕೊಟ್ಟಿದ್ದಾರೆ. ಮುಂದಿನ ಸುಗ್ಗಿಗೆ 10 ಯಂತ್ರ ಮಾಡಲು ಮತ್ತು ಈ ದೋಷ ತಿದ್ದಲು 15 ಲಕ್ಷ ರೂ. ಬೇಕಾಗಿದೆ. ತಮಗೆ ಬಿಡುವಾದಾಗ 20 ನಿಮಿಷ ಮಾತನಾಡಬಹುದೇ?"

ಇಷ್ಟೇ. ಜೊತೆಗೆ ಯಂತ್ರ ಓಡುತ್ತಿರುವ ಎರಡು ಫೋಟೊ. ದೊಡ್ಡ ವಿಡಿಯೊವನ್ನು ಕೇಳಿದ ಮೇಲೆ ಕಳುಹಿಸಿದರಾಯಿತು.

ಯಂತ್ರ ಕಟ್ಟಿಕೊಳ್ಳುವ ಮಾತನ್ನು ಬರೆದದ್ದು ತಂದೆಗೆ ಸರಿಬರಲಿಲ್ಲ. "ಸಂತೇಲಿ ಎತ್ತು ಮಾರೋವಾಗ ಅದರ ಸುಳಿ ನಾವೇ ತೋರಿಸ್ತೀವಾ ಸಾರ್?" ಎಂದು ಕೇಳಿದರು. ಮಾತೇನೋ ಸರಿ. ಆದರೆ ಎತ್ತು ಮಾರಿದವನು ಮನೆಗೆ ಹೋಗುತ್ತಾನೆ. ಇಲ್ಲಿ ಕೊಂಡವನು ವರ್ಷಗಟ್ಟಲೆ ಜೊತೆಯಲ್ಲೇ ಇರುತ್ತಾನೆ. ಮುಚ್ಚಿಟ್ಟದ್ದು ಮೊದಲ ದಿನವೇ ಹೊರಬೀಳುತ್ತದೆ. 46 ಕ್ವಿಂಟಲ್ ಎಂದು ಬರೆದರೆ ಅದರ ತೂಕದ ಚೀಟಿಯೂ ಇರಬೇಕು. ಇವನು ಒಂದು ನೋಟುಪುಸ್ತಕದಲ್ಲಿ ದಿನವಾರು ಬರೆದಿಟ್ಟಿದ್ದ. ಅವನು ಮಾಡಿದ ಅತ್ಯುತ್ತಮ ಕೆಲಸ ಇದೇ ಎನ್ನಬೇಕು. ಎಷ್ಟೋ ಪ್ರಗತಿಪರ ರೈತರಲ್ಲೂ ಇಂಥ ಲೆಕ್ಕ ಸಿಕ್ಕುವುದಿಲ್ಲ.

ಪತ್ರವನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿಯೇ ಕಳುಹಿಸಬೇಕು. ಅವರು ಹಿಂದೆ ಎಂಥ ಉದ್ಯಮಕ್ಕೆ ಹಣ ಹಾಕಿದ್ದಾರೆಂದು ಅವರ ವೆಬ್‌ಸೈಟಿನಲ್ಲಿ ನೋಡಿ ಮೊದಲ ಸಾಲು ಬರೆಯಬೇಕು. ಔಷಧಿ ಕಂಪನಿಗಳಿಗೆ ಮಾತ್ರ ಹಣ ಹಾಕುವವರಿಗೆ ಹುಣಸೆಯ ಯಂತ್ರದ ಪತ್ರ ವ್ಯರ್ಥ. ಹತ್ತು ದಿನವಾದರೂ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡುವುದು. ಪರಿಚಯಸ್ಥರ ಮೂಲಕ ಹೋದ ಪತ್ರಕ್ಕೆ ಬೆಲೆ ಹೆಚ್ಚು. ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಯಂತ್ರವನ್ನು ನೋಡಿದ್ದರೆ ಅವರಿಂದಲೇ ನಾಲ್ಕು ಸಾಲು ಬರೆಸಬಹುದು.

ಪಾಲು ಕೊಡದೆಯೇ ಸಿಕ್ಕುವ ಹಣವನ್ನೂ ಮೊದಲು ವಿಚಾರಿಸುವುದು ಮೇಲು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ 2018-19ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಯೋಚನೆಯ ಹಂತದಲ್ಲಿರುವವರಿಗೆ 5 ಲಕ್ಷ, ಯಂತ್ರ ಮಾಡಿ ತೋರಿಸಿದವರಿಗೆ 25 ಲಕ್ಷ ರೂ.ವರೆಗೆ ಅನುದಾನ ಇಡಲಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಕೇಂದ್ರಗಳಲ್ಲೊಂದು. ಆಯ್ಕೆಯಾದವರಿಗೆ ತರಬೇತಿಯೂ ಉಂಟು. ರಾಜ್ಯ ಸರ್ಕಾರದ 'ಎಲಿವೇಟ್' ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ ದೊರೆತಿದೆ. ಕೃಷಿ ಸಂಬಂಧದ ಹೊಸ ಉದ್ಯಮಗಳಲ್ಲಿ ಬಂಡವಾಳ ಹೂಡಲೆಂದೇ ನಬಾರ್ಡಿನ ಅಂಗಸಂಸ್ಥೆಯ ಮೂಲಕ 750 ಕೋಟಿ ರೂ.ಗಳ 'ಅಗ್ರಿಶ್ಯೂರ್' ನಿಧಿ 2024ರಲ್ಲಿ ಬಂದಿದೆ. ಅರ್ಜಿಯ ದಿನಾಂಕಗಳು ವರ್ಷ ವರ್ಷ ಬದಲಾಗುವುದರಿಂದ ವಿಚಾರಿಸಿಯೇ ಹೊರಡಬೇಕು.

ನಮ್ಮ ಯುವಕ ಎರಡನೆಯ ಸಲ ಬರೆದದ್ದು 9 ಮಂದಿಗೆ. ಇಬ್ಬರು ಉತ್ತರಿಸಿದರು. ಒಬ್ಬರು ತಮ್ಮದು ಈ ಬಗೆಯ ಕೆಲಸವಲ್ಲವೆಂದು ಮರ್ಯಾದೆಯಿಂದಲೇ ತಿಳಿಸಿದರು. ಇನ್ನೊಬ್ಬರು ಊರಿಗೇ ಬಂದು, ಜಗಲಿಯ ಮೇಲೆ ಕುಳಿತು ನೋಟುಪುಸ್ತಕದ ಪುಟಗಳನ್ನೆಲ್ಲ ತಿರುವಿದರು. ಮೊದಲು ಕೇಳಿದ್ದು ತೇವದ ಹಣ್ಣಿನ ವಿಚಾರ. ಆಮೇಲೆ, ಸುಗ್ಗಿ ಮುಗಿದ ಮೇಲೆ ಉಳಿದ ತಿಂಗಳುಗಳಲ್ಲಿ ಯಂತ್ರಕ್ಕೆ ಏನು ಕೆಲಸ ಎಂದು ಕೇಳಿದರು. ಇದಕ್ಕೆ ಅವನಲ್ಲಿ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಹಣ ಇನ್ನೂ ಬಂದಿಲ್ಲ. ಮುಂದಿನ ಹಣ್ಣು ಬಡಿಯುವ ಕಾಲಕ್ಕೆ ಮತ್ತೆ ಬಂದು, ಯಂತ್ರ ಓಡುವುದನ್ನು ಕಣ್ಣಾರೆ ನೋಡುವುದಾಗಿ ಹೇಳಿ ಹೋಗಿದ್ದಾರೆ. ಹಸು ಕೊಟ್ಟಿಗೆಯಲ್ಲೇ ಇದೆ. ಹುಡುಗ ಈಗ ವೆಲ್ಡಿಂಗ್ ಅಂಗಡಿಯಲ್ಲಿ ಜರಡಿ ಬದಲಿಸುತ್ತಿದ್ದಾನೆ.