ಒಲೆ, ಓದು, ಕಾದಂಬರಿ

ಕಾದಂಬರಿ ಬರೆಯುತ್ತೇನೆಂದು ಹೇಳಿಕೊಂಡವಳಿಗೆ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ ಕಥೆಯನ್ನು ಕುರಿತದ್ದಲ್ಲ. “ಮನೆಗೆಲಸವೆಲ್ಲ ಮುಗಿಸಿ ಇದಕ್ಕೆ ಹೊತ್ತೆಲ್ಲಿ ಸಿಗುತ್ತದೆ ನಿಮಗೆ?” ಎಂಬುದೇ ಆ ಪ್ರಶ್ನೆ. ದಿಲ್‌ಸುಖ್‌ನಗರದ ನಮ್ಮ ಕನ್ನಡ ಮನೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಕೇಳುವವರಲ್ಲಿ ಕೆಲವರಿಗೆ ಮೆಚ್ಚುಗೆ. ಕೆಲವರಿಗೆ ಅನುಮಾನ, ಈಕೆಯ ಒಲೆಯ ಮೇಲೆ ದಿನವೂ ಹಾಲು ಉಕ್ಕಿಹೋಗುತ್ತಿರಬೇಕೆಂದು!

ನಿಜ ಹೇಳಬೇಕೆಂದರೆ ಬರೆಯುವ ಹೊತ್ತನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು. ದಿನಕ್ಕೆ 200 ಪದ ಬರೆದರೆ ಸಾಕು. ಹಬ್ಬ ಹುಣ್ಣಿಮೆ, ಮಕ್ಕಳ ಜ್ವರ, ಬಂದುಹೋಗುವ ನೆಂಟರು ಎಂದು 65 ದಿನ ಬಿಟ್ಟರೂ ವರ್ಷಕ್ಕೆ 60,000 ಪದವಾಯಿತು. ಸಾಧಾರಣ ಗಾತ್ರದ ಕಾದಂಬರಿಗೆ ಅಷ್ಟು ಧಾರಾಳ. ಮನೆಗೆಲಸವನ್ನು ಬಿಡುವಂತಿಲ್ಲ, ಬರವಣಿಗೆಯನ್ನು ಬಿಡಲು ಮನಸ್ಸಿಲ್ಲ. ಇವೆರಡರ ಜಗ್ಗಾಟದಲ್ಲಿ ಸದ್ದಿಲ್ಲದೆ ಜಾರಿಹೋಗುವುದು ಓದು. ಅಡಿಗೆಯಾಗದಿದ್ದರೆ ಮನೆಮಂದಿ ಕೇಳುತ್ತಾರೆ, ಅಧ್ಯಾಯ ಮುಗಿಯದಿದ್ದರೆ ಪ್ರಕಾಶಕರು ಕೇಳುತ್ತಾರೆ. ಓದಲಿಲ್ಲವೇಕೆಂದು ಯಾರು ಕೇಳುತ್ತಾರೆ?

ಎಂ.ಕೆ. ಇಂದಿರಾ ಅವರನ್ನೇ ನೋಡಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಶಾಲೆಯ ಓದು ಏಳೇ ವರ್ಷ. ಹನ್ನೆರಡನೆಯ ವಯಸ್ಸಿಗೆ ಮದುವೆ. ಬರವಣಿಗೆಗೆ ಕೈಹಾಕಿದಾಗ ವಯಸ್ಸು ನಲವತ್ತೈದರ ಸುಮಾರು. ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ಅಲ್ಲಿಯವರೆಗಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ವ್ಯರ್ಥವೆಂದು ಎಣಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಆಕೆ ಹಳೆಯ ಕನ್ನಡ ಕಾವ್ಯವನ್ನು ಓದಿಕೊಂಡಿದ್ದರು, ಹಿಂದೀ ಸಾಹಿತ್ಯವನ್ನೂ ಬಲ್ಲವರಾಗಿದ್ದರು. ಬರೆಯದೆ ಇದ್ದ ಕಾಲದಲ್ಲಿ ಓದನ್ನಂತೂ ಬಿಟ್ಟಿರಲಿಲ್ಲವೆಂದಾಯಿತಷ್ಟೆ! ಇನ್ನು ‘ಫಣಿಯಮ್ಮ’ನ ಕಥೆ ಬಂದದ್ದಾದರೂ ಎಲ್ಲಿಂದ? ಬಾಲ್ಯದಲ್ಲಿ ಕಂಡಿದ್ದ ವಿಧವೆಯೊಬ್ಬರು ಇಂದಿರಾ ಅವರ ತಾಯಿಯ ಮುಂದೆ ತಮ್ಮ ಬಾಳನ್ನು ಹೇಳಿಕೊಂಡದ್ದೇ ಆ ಕಾದಂಬರಿಯ ಮೂಲ. ಹೆಂಗಸರ ಮಾತುಕತೆಯೆಂದು ನಾವು ತಳ್ಳಿಹಾಕುವ ಹೊತ್ತಿನೊಳಗೇ ಅಷ್ಟು ದೊಡ್ಡ ಕೃತಿಯ ಬೀಜ ಅಡಗಿತ್ತು.

ಅದೇ 1963ರ ಜುಲೈ ತಿಂಗಳಲ್ಲಿ ತ್ರಿವೇಣಿ ತೀರಿಕೊಂಡರು. ಹೆರಿಗೆಯಾಗಿ ಹತ್ತೇ ದಿನವಾಗಿತ್ತು, ವಯಸ್ಸು 34. ಮೊದಲ ಕಾದಂಬರಿ ‘ಅಪಸ್ವರ’ 1953ರದು. ಹತ್ತು ವರ್ಷದಲ್ಲಿ ಇಪ್ಪತ್ತು ಕಾದಂಬರಿಗಳು! ಒಬ್ಬಾಕೆಯ ಲೇಖನಿ ನಿಂತ ವರ್ಷವೇ ಇನ್ನೊಬ್ಬಾಕೆಯ ಮೊದಲ ಪುಸ್ತಕ ಹೊರಬಂದಿತೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಒಂದು ಗಳಿಗೆ ಸುಮ್ಮನಾಗುತ್ತದೆ. ತ್ರಿವೇಣಿಯವರು ಕಾಲೇಜಿನಲ್ಲಿ ಓದಿದ್ದು ಮನಶ್ಶಾಸ್ತ್ರ. ‘ಶರಪಂಜರ’ವನ್ನು ಓದಿದವರಿಗೆ ಆ ಓದು ಅಡಿಗೆಮನೆಯ ಅನುಭವದೊಡನೆ ಹೇಗೆ ಬೆರೆತಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವರಿಬ್ಬರೂ ಕನ್ನಡ ನಾಡಿನೊಳಗೇ ಇದ್ದವರು. ನಮ್ಮಂತೆ ಹೊರನಾಡಿಗೆ ಬಂದವರಿಗೆ ಹತ್ತಿರದ ನಿದರ್ಶನವೆಂದರೆ ಯಶವಂತ ಚಿತ್ತಾಲರು. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, ಪ್ಲಾಸ್ಟಿಕ್ ಉದ್ಯಮದಲ್ಲಿ ರಸಾಯನ ತಂತ್ರಜ್ಞರಾಗಿ ದುಡಿದರು. ಹಗಲೆಲ್ಲ ರಾಳ, ರಸಾಯನ, ಕಂಪೆನಿಯ ವ್ಯವಹಾರ; ಆದರೂ ಅವರ ಕಥೆಗಳಲ್ಲಿ ಹನೇಹಳ್ಳಿಯ ಮನೆ, ಗದ್ದೆ, ಕಡಲತಡಿಗಳು ಮಾಸಲಿಲ್ಲ. ಉದ್ಯೋಗವನ್ನೂ ಅವರು ಸಾಹಿತ್ಯದ ವೈರಿಯೆಂದು ಹೊರಗಿಡಲಿಲ್ಲ. 1979ರ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ಕಂಪೆನಿಯೊಂದರ ನೌಕರ, ಆಫೀಸಿನ ಪಿತೂರಿಗೆ ಸಿಕ್ಕಿ ನಲುಗುವವನು. ಕಚೇರಿಯೊಳಗೆ ಬಾಳಿ ಬಲ್ಲವರಿಗಲ್ಲದೆ ಅಂಥ ಪುಸ್ತಕ ಸಾಧ್ಯವಾಗದೆಂದು ನನ್ನ ಎಣಿಕೆ. 2014ರಲ್ಲಿ ತೀರಿಕೊಳ್ಳುವವರೆಗೂ ಮುಂಬಯಿಯೇ ಅವರ ಊರು. ಅವರ ಕನ್ನಡ ಮಾತ್ರ ಹನೇಹಳ್ಳಿಯ ದಾರಿಯನ್ನು ಮರೆಯಲಿಲ್ಲ.

ಅವರ ಸುತ್ತ ಮರಾಠಿ. ನಮ್ಮ ಸುತ್ತ ತೆಲುಗು, ಉರ್ದು. ಹೈದರಾಬಾದಿಗೆ ಕನ್ನಡವೇನೂ ಹೊಸದಲ್ಲ. 1956ರವರೆಗೆ ಕಲಬುರಗಿ, ಬೀದರ, ರಾಯಚೂರುಗಳಿಗೆ ಇದೇ ರಾಜಧಾನಿ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯೂ ಉಂಟು. ಆದರೂ ಮನೆಯ ಹೊಸಿಲು ದಾಟಿದರೆ ಭಾಷೆ ಬೇರೆ. ಹೊಸಿಲೊಳಗೂ ಅದು ಮೆಲ್ಲಗೆ ಬರುತ್ತದೆ. ನಮ್ಮ ಕಿರಿಯ ಮಗ ಮೊನ್ನೆ ಬಾಗಿಲ ಬಳಿ ನಿಂತು, “ಅಮ್ಮಾ, ತಲುಪು ಹಾಕಲಾ?” ಎಂದ. ತೆಲುಗಿನಲ್ಲಿ ತಲುಪು ಎಂದರೆ ಬಾಗಿಲು. ನಮ್ಮಲ್ಲಿ ಊರು ಸೇರುವುದು. ಹಾಗೆಯೇ ಇಲ್ಲಿ ಪಾಲು ಎಂದರೆ ಹಾಲು. ನಮ್ಮಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವುದು ಅದಕ್ಕಾಗಿ! ಮಗುವಿನ ಬಾಯಲ್ಲಿ ಇದು ಚೆಂದವೇ, ನಾವೆಲ್ಲ ನಕ್ಕೆವು. ಆದರೆ ಆ ದಿನ ನಾನು ಬರೆಯುತ್ತಿದ್ದುದು ತೀರ್ಥಹಳ್ಳಿಯ ಕಡೆಯ ಅಜ್ಜಿಯೊಬ್ಬಳ ಮಾತು. ನನ್ನ ಕಿವಿಯಲ್ಲೇ ಆ ಮಾತು ತೆಳುವಾದರೆ ಅಜ್ಜಿ ಬದುಕುವುದು ಹೇಗೆ? ಊರಿನಲ್ಲಿರುವ ಲೇಖಕಿ ಒಂದು ತಿಂಗಳು ಪುಸ್ತಕ ಮುಟ್ಟದಿದ್ದರೂ ಸಂತೆ, ಬಸ್ಸು, ಬಾವಿಕಟ್ಟೆ ಆಕೆಗೆ ಮಾತು ಒದಗಿಸುತ್ತವೆ. ನಮಗೆ ಒದಗಿಸುವುದು ಪುಸ್ತಕ, ಮತ್ತು ಊರಿನಿಂದ ಬರುವ ಫೋನು, ಬೇರೆ ಬಾವಿಯಿಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಓದಿಗೆ ಹೊತ್ತು ಗೊತ್ತುಮಾಡಿಕೊಂಡಿದ್ದೇನೆ. ಅಮೀರ್‌ಪೇಟೆಯ ಕಡೆ ಕೆಲಸವಿದ್ದ ದಿನ ಮೆಟ್ರೋ ರೈಲೇ ನನ್ನ ವಾಚನಾಲಯ. ಮೂಸಿ ನದಿ ದಾಟಿ ನಾಂಪಲ್ಲಿ ಬರುವಷ್ಟರಲ್ಲಿ ಹತ್ತು ಹದಿನೈದು ಪುಟ ಮುಗಿದಿರುತ್ತದೆ. ಉಳಿದ ದಿನ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ. ಆಗ ಪಾತ್ರೆ ತೊಳೆಯುವ ಪಾಳಿ ಯಜಮಾನರದು. ಮೊದಮೊದಲು ಅವರು ಗೊಣಗಿದ್ದುಂಟು. ಈಗ ಸದ್ದು ಮಾಡುವುದು ಪಾತ್ರೆಗಳು ಮಾತ್ರ. ಕೆಲವೊಮ್ಮೆ ಗಟ್ಟಿಯಾಗಿ ಓದುತ್ತೇನೆ. ಆಗ ಅವರೂ ಕೇಳುತ್ತಾರೆ, ಮಗನೂ ಅರ್ಥವಾಗದ ಮಾತು ಬಂದಲ್ಲಿ ತಡೆದು ಕೇಳುತ್ತಾನೆ. ‘ಬಚ್ಚಲು’, ‘ಹಂಡೆ’, ‘ಪಡಸಾಲೆ’ ಎಂಬಿವು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆಯುವ ಹುಡುಗನಿಗೆ ಬೇರೆ ಹೇಗೆ ಗೊತ್ತಾಗಬೇಕು?

ರಜೆಗೆ ಊರಿಗೆ ಹೋಗುವ ಸಂಘದ ಸದಸ್ಯರಲ್ಲಿ ಒಂದು ಬಿನ್ನಹ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಜೊತೆಗೆ ಎರಡು ಕಾದಂಬರಿಗಳಿಗೂ ಪೆಟ್ಟಿಗೆಯಲ್ಲಿ ಜಾಗ ಮಾಡಿ. ಓದಿದ ಮೇಲೆ ಗಾಜಿನ ಬೀರುವಿನಲ್ಲಿ ಅಲಂಕಾರಕ್ಕಿಡದೆ ಕೈಯಿಂದ ಕೈಗೆ ದಾಟಿಸಿ. ಸದ್ಯ ನನ್ನ ಬಳಿ ‘ಫಣಿಯಮ್ಮ’ ಇದ್ದಾಳೆ. ಮುಂದಿನ ವಾರ ಕೆಳಮನೆಯ ಅತ್ತೆಯವರಿಗೆ ಕೊಡಬೇಕೆಂದು ಮಾತಾಗಿದೆ. ಬೇಕಾದವರು ಅವರಲ್ಲಿ ಹೆಸರು ಹೇಳಿಡಬಹುದು.